ಹನ್ನೆರಡರಲ್ಲಿ ನಾಲ್ಕನೆಯದು

ನೌಪಾಡಾ, ಥಾಣೆ
6 ಜನವರಿ 2008

ಚಿ. ಶರ್ಮಿಳಾಳಿಗೆ ಮಾವ ಮುಂಡಪ್ಪನ ಆಶೀರ್ವಾದಗಳು.

ಇಲ್ಲಿ ನಾನು, ನಿನ್ನತ್ತೆ ಜಯಲತಾ, ಹೊಟೇಲು, ಮೂವರೂ ಕ್ಷೇಮ. ಗ್ರೈಂಡರ್ ಮಾತ್ರ ಕೆಮ್ಮುತ್ತಿದೆ. ಫೋನ್ ಮಾಡಬಹುದಿತ್ತು. ಆದರೆ ಗಲ್ಲಾದಲ್ಲಿ ಕೂತು ಮಗನ ವಿಷಯ ಮಾತಾಡಿದರೆ ಗಿರಾಕಿಗಳಿಗೆ ಚಿಲ್ಲರೆ ತಪ್ಪಾಗಿ ಕೊಡುತ್ತೇನೆ. ಹಾಗಾಗಿ ಕಾಗದ.

ಮೊನ್ನೆ ಯಾರೋ ಮಸಾಲೆದೋಸೆ ತಿಂದು ಮೇಜಿನ ಮೇಲೆ ಒಂದು ಪುಸ್ತಕ ಬಿಟ್ಟುಹೋದರು. ನುಣುಪು ಕಾಗದ, ಪುಟಪುಟಕ್ಕೂ ಚಿತ್ರ. ಬರುವ ತಿಂಗಳು ಮೂರನೇ ತಾರೀಕು ಭಾನುವಾರ ವಾಶಿಯಲ್ಲಿ ಚಿತ್ರಗಳ ಏಲಂ ಅಂತೆ, ಅದರ ಕ್ಯಾಟಲಾಗು. ಚಟ್ನಿ ಒರೆಸಿ ಸುಮ್ಮನೆ ತಿರುವಿದೆ. ಎಪ್ಪತ್ತೊಂದನೇ ನಂಬರಿನಲ್ಲಿ ನಮ್ಮ ಕೌಶಲನ ಹೆಸರು! ಪೂರ್ತಿ ಹೆಸರು, ಹುಟ್ಟಿದ ವರ್ಷ, ಒಂದು ಅಡ್ಡಗೆರೆ, ತೀರಿಹೋದ ವರ್ಷ. ಆ ಅಡ್ಡಗೆರೆ ಎಷ್ಟು ಸಣ್ಣದು, ಶರ್ಮಿಳಾ. ಮೂವತ್ತೆರಡು ವರ್ಷ ಅದರೊಳಗೆ ಹಿಡಿಸಿಬಿಟ್ಟಿದ್ದಾರೆ. ಆ ವರ್ಷದ ನೆರೆನೀರಿನಲ್ಲಿ ಅವನು ನಡೆದು ಬರದಿದ್ದರೆ, ಆ ಜ್ವರ ಹಿಡಿಯದಿದ್ದರೆ, ಗೆರೆಯ ಆಚೆ ಇನ್ನೂ ಖಾಲಿ ಇರುತ್ತಿತ್ತು.

ಚಿತ್ರದ ಹೆಸರು ‘ತೆರೆಯುವ ಮೊದಲು’. ನಮ್ಮದೇ ಹೊಟೇಲು, ಬೆಳಗಿನ ಜಾವ, ಮೇಜುಗಳ ಮೇಲೆ ಕುರ್ಚಿ ಕವುಚಿಟ್ಟದ್ದು. ಅಂಚೆಚೀಟಿಯಷ್ಟು ಸಣ್ಣಕ್ಕೆ ಹಾಕಿದ್ದಾರೆ. ಕೆಳಗೆ 4/12 ಅಂತ ಉಂಟು. ಹಾಗೆಂದರೇನು? ಹನ್ನೆರಡು ಇದ್ದರೆ ಅಸಲಿ ಯಾವುದು? ಮತ್ತೆ ಮುಖ್ಯ ವಿಷಯ, ಇದನ್ನು ಮಾರುತ್ತಿರುವವರು ಯಾರು? ಸತ್ತವನ ಕೈಕೆಲಸವನ್ನು ಮಾರಲು ಮನಸ್ಸಾದರೂ ಹೇಗೆ ಬರುತ್ತದೆ?

ಏಲಂ ನನಗೆ ಹೊಸದಲ್ಲ. ನಮ್ಮ ಭಜನಾ ಮಂಡಳಿಯಲ್ಲಿ ನವರಾತ್ರಿ ಮುಗಿದ ಮೇಲೆ ದೇವಿಯ ಸೀರೆ, ತೆಂಗಿನಕಾಯಿ, ಹೂವಿನ ಹಾರ ಎಲ್ಲ ಏಲಂಗೆ ಇಡುವುದು ನೀನು ನೋಡಿದ್ದೀ. ಅಲ್ಲಿ ಒಂದು ವಸ್ತು ಕರೆದಾಗ ಯಾರೂ ಕೈ ಎತ್ತದೆ ಕೂತರೆ ಅದಕ್ಕಿಂತ ದೊಡ್ಡ ಅವಮಾನ ದೇವರಿಗಿಲ್ಲ. ನನಗೆ ಈಗ ಅದೇ ಹೆದರಿಕೆ. ವಾಶಿಯಲ್ಲಿ ಎಪ್ಪತ್ತೊಂದನೇ ನಂಬರ್ ಕರೆದಾಗ ಯಾರೂ ಕೈ ಎತ್ತದಿದ್ದರೆ? ಅಷ್ಟು ಜನರ ಎದುರು ನನ್ನ ಮಗ, ನಿನ್ನ ಗಂಡ, ಹಾಗೆ ನಿಂತುಕೊಳ್ಳಬಾರದು. ನಾನು ಹೋಗುತ್ತೇನೆ. ನೀನೂ ಬಾ.

ಇತಿ ನಿನ್ನ ಮಾವ,
ಮುಂಡಪ್ಪ

*

ಡೊಂಬಿವಲಿ ಪೂರ್ವ
11 ಜನವರಿ 2008

ಪ್ರೀತಿಯ ಮಾವನಿಗೆ ಶರ್ಮಿಳಾಳ ನಮಸ್ಕಾರಗಳು.

ನಿಮ್ಮ ಕಾಗದ ಕಾಲೇಜಿನ ಲೈಬ್ರರಿಗೆ ಒಯ್ದು, ಊಟದ ಬಿಡುವಿನಲ್ಲಿ ಓದಿದೆ. ಎದುರಿಗೆ ಕೂತಿದ್ದ ಹುಡುಗಿ ನೀರು ತಂದುಕೊಟ್ಟಳು. ಅಷ್ಟರ ಮಟ್ಟಿಗೆ ಅತ್ತಿರಬೇಕು.

4/12 ಎಂದರೆ ಹನ್ನೆರಡು ಪ್ರತಿಗಳಲ್ಲಿ ನಾಲ್ಕನೆಯದು. ಕೌಶಲ್ ಸತುವಿನ ತಗಡಿಗೆ ಮೇಣದಂಥ ಲೇಪ ಬಳಿದು, ಅದರ ಮೇಲೆ ಸೂಜಿಯಿಂದ ಗೀರುತ್ತಿದ್ದರು. ತಗಡನ್ನು ಆಸಿಡ್‌ನಲ್ಲಿ ಮುಳುಗಿಸಿದರೆ ಗೀರಿದ ಕಡೆ ಮಾತ್ರ ಕೊರೆಯುತ್ತದೆ. ಆ ಕೊರೆತದಲ್ಲಿ ಮಸಿ ತುಂಬಿ, ಒದ್ದೆ ಕಾಗದ ಹಾಸಿ, ಯಂತ್ರದ ಕೆಳಗೆ ಒತ್ತಿ ತೆಗೆಯುವುದು. ಪ್ರತಿಯೊಂದಕ್ಕೂ ಮತ್ತೆ ಮೊದಲಿನಿಂದ ಮಸಿ ತುಂಬಬೇಕು. ಹನ್ನೆರಡು ತೆಗೆದ ಮೇಲೆ ತಗಡಿಗೆ ಅಡ್ಡಡ್ಡ ಗೀಚಿ ಕೆಡಿಸಿಬಿಟ್ಟರು, ಹದಿಮೂರನೆಯದು ಯಾವತ್ತೂ ಬರಬಾರದೆಂದು. ಹಾಗಾಗಿ ಹನ್ನೆರಡೂ ಅಸಲಿ. ನಿಮ್ಮ ಲೆಕ್ಕದಲ್ಲಿ ಹೇಳುವುದಾದರೆ ಒಂದೇ ಹಿಟ್ಟಿನ ಇಡ್ಲಿ ಮಾವ. ಯಾವುದು ಅಸಲಿ ಇಡ್ಲಿ ಎಂದು ಯಾರಾದರೂ ಕೇಳುತ್ತಾರೆಯೇ?

ಆದರೆ ನೀವು ವಾಶಿಗೆ ಹೋಗಬೇಡಿ. ಅದು ಮಂಡಳಿಯ ಏಲಂ ಅಲ್ಲ. ಅಲ್ಲಿ ಕರೆದ ಹಣ ದೇವರಿಗೂ ಹೋಗುವುದಿಲ್ಲ, ಕಲಾವಿದನಿಗೂ ಹೋಗುವುದಿಲ್ಲ, ಮಾರುವವರಿಗೆ ಹೋಗುತ್ತದೆ. ಯಾರೂ ಕೈ ಎತ್ತದಿದ್ದರೆ ಮುಂದಿನ ನಂಬರ್ ಕರೆಯುತ್ತಾರೆ, ಅಷ್ಟೇ. ದೊಡ್ಡ ದೊಡ್ಡವರ ಚಿತ್ರಗಳೂ ಹಾಗೆ ಉಳಿದು ವಾಪಸು ಹೋಗುತ್ತವೆ. ಅದನ್ನು ಯಾರೂ ಅವಮಾನವೆಂದು ತಿಳಿಯುವುದಿಲ್ಲ.

ನನಗೆ ಆ ಭಾನುವಾರ ಬರಲಾಗುವುದಿಲ್ಲ. ಅತ್ತೆಯ ಮಂಡಿನೋವು ಹೇಗಿದೆ?

ನಿಮ್ಮ,
ಶರ್ಮಿಳಾ

*

ನೌಪಾಡಾ
24 ಜನವರಿ 2008

ಚಿ. ಶರ್ಮಿಳಾಳಿಗೆ ಆಶೀರ್ವಾದಗಳು.

ಹೋಗಬೇಡಿ ಅಂದಿದ್ದೀ. ಏಲಂಗೆ ತಾನೇ? ಇವತ್ತು ಬರೀ ನೋಡಲು ಇಟ್ಟಿದ್ದರು, ಹೋಗಿ ಬಂದೆ. ಇಡ್ಲಿಯ ಮಾತು ನಿನ್ನತ್ತೆಗೆ ಓದಿ ಹೇಳಿದೆ, ಬಹಳ ನಕ್ಕಳು.

ವಾಶಿಯ ಹೊಟೇಲು ದೊಡ್ಡದು. ನಮ್ಮಂಥ ಹೊಟೇಲಲ್ಲ, ಚಾ ಕೇಳಿದರೆ ಕೆಟಲ್ ತಂದಿಟ್ಟು ಹೆದರಿಸುವ ಜಾತಿಯದು. ಗೋಡೆ ತುಂಬ ಚಿತ್ರಗಳು. ನಮ್ಮವನದು ಮೂಲೆಯಲ್ಲಿ, ಬಾಗಿಲ ಹಿಂದೆ. ಕಪ್ಪು ಕಪ್ಪಾಗಿದೆ, ಮೇಲೊಂದು ಬಲ್ಬಿನ ಬೆಳಕು. ಆದರೂ ನೋಡಿದ ಕೂಡಲೇ ಫಿನಾಯಿಲ್ ವಾಸನೆ ಬಂದಂತಾಯಿತು. ಕೆಳಗೆ ಪೆನ್ಸಿಲಿನಲ್ಲಿ ಅವನ ಸಹಿ. ಶಾಲೆಯ ಪ್ರಗತಿ ಪತ್ರದಲ್ಲಿ ನನ್ನ ಸಹಿ ಹಾಕುತ್ತಿದ್ದವನು, ಈಗ ನೋಡು ಸ್ವಂತ ಸಹಿ.

ಒಂದು ತಪ್ಪು ಕಂಡಿತು. ಗಲ್ಲಾ ಎಡಗಡೆ ಹಾಕಿದ್ದಾನೆ. ನಮ್ಮದು ಬಾಗಿಲಿಗೆ ಬಲಗಡೆ ಅಲ್ಲವೇ? ಇಪ್ಪತ್ತು ವರ್ಷ ನೋಡಿದವನಿಗೆ ಇದು ಮರೆಯುತ್ತದೆಯೇ? ಅಲ್ಲಿದ್ದ ಹುಡುಗಿಗೆ ಹೇಳಿದೆ, “ಯೇ ಗಲತ್ ಹೈ, ಗಲ್ಲಾ ಉಧರ್ ನಹೀಂ ಹೈ” ಅಂತ. ಅವಳು “ಸರ್, ಯೇ ಆರ್ಟ್ ಹೈ” ಅಂದಳು. ಇರಬಹುದು. ಗಲ್ಲಾ ಮಾತ್ರ ಬಲಗಡೆಯೇ.

ನಿಂತಷ್ಟು ಹೊತ್ತೂ ಬೇರೆ ಯಾರೂ ಆ ಮೂಲೆಗೆ ಬರಲಿಲ್ಲ. ಬಂದ ಒಬ್ಬರೂ ಬಾಗಿಲು ಯಾವ ಕಡೆ ತೆರೆಯುತ್ತದೆ ಅಂತ ನೋಡಲು ಬಂದವರು. ಅದಕ್ಕೇ ನಿರ್ಧಾರ ಮಾಡಿದೆ. ನಮ್ಮ ಮಂಡಳಿಯ ಲೀಲಾಧರ ಮತ್ತು ಕಲ್ಯಾಣದಲ್ಲಿ ಕ್ಯಾಂಟೀನ್ ನಡೆಸುವ ಭುಜಂಗ, ಇಬ್ಬರೂ ನನ್ನ ಜೊತೆ ಬರುತ್ತಾರೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಮೂವರೂ ಕರೆಯುತ್ತೇವೆ. ಸುಮ್ಮನೆ ಬೆಲೆ ಏರಿಸುವ ನಾಟಕವಲ್ಲ, ಯಾರಿಗೆ ಬಂದರೂ ತೆಗೆದುಕೊಂಡು ಅವರವರ ಹೊಟೇಲಿನಲ್ಲಿ ತೂಗುಹಾಕುವುದು ಎಂದು ಮಾತಾಗಿದೆ. ಮಾರುವವರು ಯಾರೆಂದು ಅಲ್ಲಿ ಕೇಳಿದೆ. ಹೇಳುವ ಕ್ರಮ ಇಲ್ಲವಂತೆ. ನಿನಗೆ ಯಾರ ಮೇಲಾದರೂ ಅನುಮಾನ ಇದ್ದರೆ ಬರೆ.

ನಿನ್ನ ಮಾವ,
ಮುಂಡಪ್ಪ

*

ಡೊಂಬಿವಲಿ
28 ಜನವರಿ 2008

ಪ್ರೀತಿಯ ಅತ್ತೆಗೆ,

ಮಾವ ಹೊಟೇಲಿನಲ್ಲಿರುವ ಹೊತ್ತಿಗೆ ಸಿಗಲಿ ಎಂದು ಮನೆಯ ವಿಳಾಸಕ್ಕೆ ಹಾಕುತ್ತಿದ್ದೇನೆ. ಇದನ್ನು ಅವರಿಗೆ ತೋರಿಸಬೇಡಿ.

ಯಾರ ಮೇಲಾದರೂ ಅನುಮಾನ ಇದೆಯೇ ಎಂದು ಮಾವ ಕೇಳಿದ್ದಾರೆ. ಓದಿ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವಳ ಹಾಗಾದೆ. ಅತ್ತೆ, ಆ ಚಿತ್ರವನ್ನು ಏಲಂಗೆ ಕೊಟ್ಟವಳು ನಾನೇ. ಹನ್ನೊಂದು ಪ್ರತಿಗಳು ಕೌಶಲ್ ಇದ್ದಾಗಲೇ ಗೆಳೆಯರ ಕೈ ಸೇರಿದ್ದವು. ನನ್ನ ಹತ್ತಿರ ಉಳಿದದ್ದು ಅದೊಂದೇ.

ಯಾಕೆ ಎಂದರೆ, ನಾನು ಮದುವೆಯಾಗುತ್ತಿದ್ದೇನೆ. ಅವರ ಹೆಸರು ಸಮಿತ್. ನಮ್ಮ ಲೈಬ್ರರಿಗೆ ಕಂಪ್ಯೂಟರ್ ಜೋಡಿಸಲು ಬಂದವರು, ಬೇಲಾಪುರದಲ್ಲಿ ಕಚೇರಿ. ಹಿರಿಯರು ಕಾರ್ಕಳದವರು, ಹುಟ್ಟಿದ್ದು ಇಲ್ಲಿ. ಕನ್ನಡ, ತುಳು ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಬಾಗಿಲುಗಳಿಗೆ ತಲೆ ಬಗ್ಗಿಸಿ ಒಳಗೆ ಬರುವಷ್ಟು ಎತ್ತರ. ಒಳ್ಳೆಯವರು ಅತ್ತೆ. ಕೌಶಲ್ ವಿಷಯ ತೆಗೆದರೆ ಮಾತು ಬದಲಿಸುವುದಿಲ್ಲ.

ಮೊದಲಿನ ಗಂಡನ ಚಿತ್ರವನ್ನು ಖಾರ್ಘರ್‌ನ ಅವರ ಮನೆಯ ಗೋಡೆಗೆ ಹಾಕಲು ನನಗೆ ಧೈರ್ಯವಿಲ್ಲ. ಅಟ್ಟದ ಮೇಲಿಟ್ಟರೆ ಎರಡು ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ನಿಮಗೇ ಕೊಡಬಹುದಿತ್ತು, ಎಷ್ಟೋ ಸಲ ಕಾಗದ ಸುತ್ತಿ ಹೊರಟೂ ಇದ್ದೆ. ಆದರೆ “ಈಗ ಯಾಕೆ ಕೊಡ್ತಾ ಇದ್ದೀ?” ಎಂದು ಮಾವ ಕೇಳುತ್ತಿದ್ದರು. ಆ ಪ್ರಶ್ನೆಗೆ ಹೆದರಿ ಯಾರೋ ಗೊತ್ತಿಲ್ಲದವರ ಗೋಡೆಯಾದರೂ ಆಗಲಿ ಎಂದುಕೊಂಡೆ.

ಮಾವನನ್ನು ಹೇಗಾದರೂ ತಡೆಯಿರಿ. ಮತ್ತೆ ಗಲ್ಲಾದ ವಿಷಯ ಸಮಾಧಾನ ಹೇಳಿ. ಕೌಶಲ್ ತಪ್ಪು ಮಾಡಿಲ್ಲ. ತಗಡಿನ ಮೇಲೆ ಬಲಕ್ಕೆ ಗೀರಿದ್ದು ಕಾಗದಕ್ಕೆ ಬರುವಾಗ ಕನ್ನಡಿಯಂತೆ ಎಡಕ್ಕೆ ಬರುತ್ತದೆ.

ನಿಮ್ಮ,
ಶರ್ಮಿಳಾ

*

ನೌಪಾಡಾ
30 ಜನವರಿ 2008

ಶರ್ಮಿ,

ಎರಡು ಸಲ ಓದಿದೆ. ಅತ್ತುಬಿಟ್ಟೆ. ಸಂತೋಷಕ್ಕೋ ದುಃಖಕ್ಕೋ ಎಂದು ಕೇಳಬೇಡ, ನನಗೇ ಬೇರೆ ಮಾಡಲು ಬರುವುದಿಲ್ಲ. ಮೂವತ್ತೊಂದು ವರ್ಷದ ಹೆಂಗಸು ಒಂಟಿಯಾಗಿ ಡೊಂಬಿವಲಿ ಲೋಕಲ್ ಹತ್ತಿ ಇಳಿಯುವುದನ್ನು ನೆನೆದು ದೇವರಲ್ಲಿ ಕೇಳಿಕೊಂಡವಳು ನಾನೇ. ಕೇಳಿಕೊಂಡದ್ದು ಸಿಕ್ಕಿತು. ಸಿಕ್ಕಿದಾಗ ಎದೆ ಹಿಂಡುತ್ತದೆ ಎಂದು ಗೊತ್ತಿರಲಿಲ್ಲ.

ನಿನ್ನ ಮಾವನನ್ನು ತಡೆಯುವುದು ನನ್ನಿಂದಾಗದು. ಇಸ್ತ್ರಿ ಮಾಡಿದ ಬಿಳಿ ಅಂಗಿ ಮೂವರಿಗೂ ತಯಾರಾಗಿದೆ. ಕೌಶಲ್ ಹೋದ ಮೇಲೆ ಅವರು ಯಾವ ಕೆಲಸಕ್ಕೂ ಇಷ್ಟು ಮುಂಚೆ ಎದ್ದದ್ದು ನಾನು ನೋಡಿಲ್ಲ. ಹೋಗಲಿ ಬಿಡು. ಕೈ ಎತ್ತಿ ಬರಲಿ.

ಆದರೆ ಏಲಂ ಮುಗಿದ ಮೇಲೆ ನೀನೇ ಹೇಳಬೇಕು. ನಾನು ಹೇಳುವುದಿಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಎಷ್ಟು ದಿನ?

ಜಯಲತಾ

*

ನೌಪಾಡಾ
4 ಫೆಬ್ರವರಿ 2008

ಮುದ್ದಿನ ಶರ್ಮಿಳಾ,

ಗೆದ್ದೆವು! ಚಿತ್ರ ನಮಗೆ ಬರಲಿಲ್ಲ. ಆದರೂ ಗೆದ್ದೆವು. ಕ್ರಮವಾಗಿ ಹೇಳುತ್ತೇನೆ.

ನಮಗೆ ಮೂವರಿಗೂ ನಂಬರ್ ಬರೆದ ಒಂದೊಂದು ಹಲಗೆ ಕೊಟ್ಟರು. ಭುಜಂಗ ಅದರಿಂದ ಗಾಳಿ ಹಾಕಿಕೊಳ್ಳಲು ಹೋಗಿ, ಯಾವುದೋ ಕುದುರೆಯ ಚಿತ್ರ ಅವನ ತಲೆಗೆ ಬರುವುದು ಸ್ವಲ್ಪದರಲ್ಲಿ ತಪ್ಪಿತು. ಸುತ್ತಿಗೆ ಹಿಡಿದು ನಿಂತದ್ದು ಕೋಟು ಹಾಕಿದ ಒಬ್ಬ ಹೆಂಗಸು, ನಮ್ಮ ಮಂಡಳಿಯ ಅಧ್ಯಕ್ಷರಿಗಿಂತ ಚುರುಕು. ಒಂದೊಂದೇ ಆಗುತ್ತಾ ಬಂತು. ಎಪ್ಪತ್ತನೇ ನಂಬರಿಗೆ ಯಾರೂ ಕೈ ಎತ್ತಲಿಲ್ಲ. ಆಯಮ್ಮ ಒಂದು ಸಲ ಸುತ್ತ ನೋಡಿ ಮುಂದಕ್ಕೆ ಹೋಗಿಬಿಟ್ಟರು. ಅವಮಾನವಲ್ಲ ಅಂತ ನೀನು ಬರೆದಿದ್ದೆ. ನನಗೆ ಮಾತ್ರ ಹಾಗನ್ನಿಸಲಿಲ್ಲ, ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

ಆಮೇಲೆ ನಮ್ಮವನ ಹೆಸರು ಕರೆದರು. ಮೈಕಿನಲ್ಲಿ ಅವನ ಹೆಸರು ಕೇಳಿದೆನಲ್ಲ, ನನ್ನ ಕೈ ಎದ್ದೇಳಲಿಲ್ಲ. ಹಲಗೆ ಕಬ್ಬಿಣದ ಬಾಣಲೆಯಷ್ಟು ಭಾರ. ಲೀಲಾಧರ ನನ್ನ ಮುಖ ನೋಡುತ್ತಾನೆ, ನಾನು ಮೊದಲು ಎತ್ತಲಿ ಅಂತ. ಭುಜಂಗ ಲೀಲಾಧರನ ಮುಖ ನೋಡುತ್ತಾನೆ. ಅಷ್ಟರಲ್ಲಿ ಆಯಮ್ಮ ಹಿಂದಕ್ಕೆ ಕೈ ತೋರಿಸಿ “ಥ್ಯಾಂಕ್ಯೂ ಸರ್” ಅಂದರು. ತಿರುಗಿ ನೋಡಿದರೆ ಕೊನೆಯ ಸಾಲಿನಲ್ಲಿ ಒಬ್ಬ ಎತ್ತರದ ಹುಡುಗ, ಹಲಗೆ ಎತ್ತಿದ್ದಾನೆ! ನಮ್ಮಲ್ಲಿ ಯಾರೂ ಎತ್ತುವ ಮೊದಲು! ಗುರುತಿಲ್ಲ, ಪರಿಚಯವಿಲ್ಲ!

ಆಮೇಲೆ ನಮ್ಮವರಿಗೂ ಜೀವ ಬಂತು. ಭುಜಂಗ ಎತ್ತಿದ. ಅವನ ಮೇಲೆ ಲೀಲಾಧರ ಎತ್ತಿದ. ಅಭ್ಯಾಸ ಬಲದಿಂದ ಲೀಲಾಧರನ ಮೇಲೆ ಮತ್ತೆ ಭುಜಂಗ. ಆಯಮ್ಮನಿಗೆ ತಮಾಷೆಯೋ ಗಾಬರಿಯೋ, ಇಬ್ಬರೂ ಒಂದೇ ಬೆಂಚಿನವರಲ್ಲವೇ ಎಂದು ಕೇಳಿದರು. ಹಿಂದಿನ ಹುಡುಗ ಬಿಡಲೇ ಇಲ್ಲ, ಮತ್ತೆ ಎತ್ತಿದ. ಆಗ ಭುಜಂಗ ಸಭೆ ಎನ್ನುವುದನ್ನೂ ಮರೆತು ಕೂಗಿದ, “ಮುಂಡಪ್ಪಣ್ಣ, ಎಂತ ನೋಡ್ತೀರಿ ಮಾರಾಯ್ರೆ? ಎತ್ತಿ! ನಮ್ಮ ಕೌಶಲಂದು, ನಿಮ್ಮ ಮಗಂದು!”

ಅದೇಕೋ ಆ ಹುಡುಗ ಹಲಗೆ ಕೆಳಗಿಟ್ಟು ತಲೆ ತಗ್ಗಿಸಿದ. ನಾನು ಎತ್ತಿದ್ದರೆ ನನಗೇ ಬರುತ್ತಿತ್ತು. ಆದರೆ ನಮ್ಮ ಮಂಡಳಿಯ ಕ್ರಮ ನಿನಗೆ ಗೊತ್ತುಂಟಲ್ಲ, ಹೊಸಬ ಬಂದು ಭಕ್ತಿಯಿಂದ ಕರೆದರೆ ಹಳಬರು ಬಿಡಬೇಕು, ದೇವರ ವಸ್ತು ಹೊಸ ಮನೆಗೆ ಹೋಗಲಿ ಅಂತ. ನೀವೇ ತೆಗೆದುಕೊಳ್ಳಿ ಅಂತ ನಾನು ಹಿಂದೆ ತಿರುಗಿ “ಆಪ್ ಲೀಜಿಯೆ” ಅಂದೆ. ಅವನು “ನಹೀಂ ಅಂಕಲ್, ಆಪ್ ಲೀಜಿಯೆ” ಅಂದ. ಇದು ಏಲಂ, ಮದುವೆ ಊಟದ ಪಂಕ್ತಿಯಲ್ಲ ಎನ್ನುವ ಹಾಗೆ ಆಯಮ್ಮ ಇಂಗ್ಲಿಷಿನಲ್ಲಿ ಏನೋ ಹೇಳಿ ಸುತ್ತಿಗೆ ಬಡಿದುಬಿಟ್ಟರು. ಚಿತ್ರ ಅವನಿಗೆ.

ಹೊರಗೆ ಹುಡುಕಿ ಹೋಗಿ ಕೈ ಹಿಡಿದುಕೊಂಡೆ. ಯಾಕೆ ತೆಗೆದುಕೊಂಡಿರಿ ಅಂತ ಕೇಳಿದೆ. ಬಗ್ಗಿ ನನ್ನ ಕಾಲು ಮುಟ್ಟಿ ಹೊರಟುಹೋದ. ಎಂಥ ಸಂಸ್ಕಾರ!

ಶರ್ಮಿಳಾ, ಸ್ವಂತದವರು ಹೊಗಳಿದರೆ ಅದಕ್ಕೇನು ಬೆಲೆ? ನಮ್ಮನ್ನು ಕಂಡು ಗೊತ್ತಿಲ್ಲದ ಒಬ್ಬ ಮನುಷ್ಯ, ಬರೀ ಚಿತ್ರ ನೋಡಿ, ನನ್ನ ಮಗನಿಗೆ ಕೈ ಎತ್ತಿದ. ಕೌಶಲ್ ಹೋದ ಮೇಲೆ ನನಗೆ ಸಿಕ್ಕಿದ ಮೊದಲ ಸಂತೋಷ ಇದು.

ನಿನ್ನ ಮಾವ,
ಮುಂಡಪ್ಪ

*

ಡೊಂಬಿವಲಿ
17 ಫೆಬ್ರವರಿ 2008

ಪ್ರೀತಿಯ ಮಾವನಿಗೆ,

ನಿಮ್ಮ ಕಾಗದಕ್ಕೆ ಉತ್ತರ ಬರೆಯದೆ ಸುಮ್ಮನಿದ್ದುಬಿಟ್ಟರೆ ನೀವು ಜೀವನಪೂರ್ತಿ ಸಂತೋಷವಾಗಿರುತ್ತೀರಿ. ಹಾಗೆಯೇ ಬಿಡಬೇಕೆಂದು ತುಂಬ ಆಸೆಯಾಯಿತು. ಆದರೆ ನಾಳೆ ಇನ್ಯಾರದೋ ಬಾಯಿಂದ ಕೇಳಿದರೆ ನೀವು ಎರಡು ಸಲ ಕಳೆದುಕೊಂಡಂತೆ.

ಮಾವ, ಚಿತ್ರವನ್ನು ಮಾರಲು ಕೊಟ್ಟವಳು ನಾನು. ಕೊಂಡ ಹುಡುಗನ ಹೆಸರು ಸಮಿತ್. ನಾನು ಅವರನ್ನು ಮದುವೆಯಾಗುತ್ತಿದ್ದೇನೆ.

ಅವರು ಏಲಂಗೆ ಹೋಗುವುದು ನನಗೆ ಗೊತ್ತಿರಲಿಲ್ಲ. ಆ ಭಾನುವಾರ ಪುಣೆಗೆ ಹೋಗುತ್ತೇನೆ ಎಂದಿದ್ದರು. ಸಂಜೆ ನನ್ನ ಬಾಗಿಲಿಗೆ ಬಂದು, ಚಿತ್ರ ಈಗ ಖಾರ್ಘರ್‌ನ ಮನೆಗೆ ಬರುತ್ತದೆ ಎಂದರು. ನಾನು ರೇಗಿದೆ. ಮಾರಿದ ವಸ್ತುವನ್ನು ಯಾರು ಕೇಳಿದರು ವಾಪಸು ತರಲು ಎಂದು ಕೂಗಾಡಿದೆ. ಅವರು “ತೂನೆ ಮೇರೆ ಲಿಯೆ ಬೇಚಾ, ಮೈನೆ ಕಬ್ ಕಹಾ ಥಾ?” ಎಂದರು. ನಿಜ, ನನಗಾಗಿ ಮಾರು ಎಂದು ಅವರು ಒಂದು ಸಲವೂ ಹೇಳಿರಲಿಲ್ಲ. ಕಮಿಷನ್ ಕಳೆದು ಅವರ ಹಣವೇ ತಿರುಗಿ ನನಗೆ ಬರುತ್ತದಂತೆ. ನಮ್ಮಿಬ್ಬರ ನಡುವೆ ಲಾಭವಾದದ್ದು ಆ ಏಲಂ ಕಂಪನಿಗೊಂದೇ.

ಅವರಿಗೆ ಕನ್ನಡ ಅರ್ಥವಾಗುತ್ತದೆ. ಭುಜಂಗಣ್ಣ ಕೂಗಿದಾಗಲೇ ನೀವು ಯಾರೆಂದು ತಿಳಿಯಿತಂತೆ, ಅದಕ್ಕೇ ಹಲಗೆ ಕೆಳಗಿಟ್ಟದ್ದು. ನೀವು ಕೈ ಹಿಡಿದುಕೊಂಡು ಕೇಳಿದಾಗ ಸುಳ್ಳು ಹೇಳಲೂ ಆಗಲಿಲ್ಲ, ನಿಜ ಹೇಳಲೂ ಆಗಲಿಲ್ಲ. ಅದಕ್ಕೇ ಕಾಲು ಮುಟ್ಟಿದ್ದು.

ಗೊತ್ತಿಲ್ಲದ ಒಬ್ಬ ಮನುಷ್ಯ ಎಂದು ನೀವು ಬರೆದಿದ್ದಿರಿ. ಅದನ್ನು ನಿಮ್ಮಿಂದ ಕಿತ್ತುಕೊಳ್ಳಬೇಕಾಯಿತಲ್ಲ ಎನ್ನುವುದೇ ನನ್ನ ದುಃಖ. ಮದುವೆಗಾಗಿ ಕ್ಷಮೆ ಕೇಳುವುದಿಲ್ಲ ಮಾವ. ಇದಕ್ಕಾಗಿ ಕೇಳುತ್ತೇನೆ. ಮೇ ತಿಂಗಳಲ್ಲಿ ರಿಜಿಸ್ಟರ್ ಮಾಡಿಸುತ್ತೇವೆ. ಅಪ್ಪ ಅಮ್ಮ ಹೋದ ಮೇಲೆ ನನಗೆ ಹೇಳಿಕೊಳ್ಳಲು ಇದ್ದವರು ನೀವಿಬ್ಬರೇ. ಇನ್ನು ಮುಂದೆ ಹೇಗೋ, ನಿಮ್ಮ ಇಷ್ಟ.

ನಿಮ್ಮ,
ಶರ್ಮಿಳಾ

*

ನೌಪಾಡಾ
16 ಮಾರ್ಚ್ 2008

ಶರ್ಮಿ,

ಉತ್ತರವಿಲ್ಲ ಎಂದು ನೀನು ಕಾದಿರುತ್ತೀ. ಅವರು ಬರೆಯಲಿಲ್ಲ, ನನಗೂ ಏನೂ ಹೇಳಲಿಲ್ಲ. ಹೊಟೇಲಿಗೆ ಹೋಗುತ್ತಾರೆ, ಬರುತ್ತಾರೆ, ಉಣ್ಣುತ್ತಾರೆ. ಭುಜಂಗ ಬಂದು ಏಲಂ ಕತೆ ಮತ್ತೆ ಶುರುಮಾಡಿದರೆ ಎದ್ದು ಒಳಗೆ ಹೋಗುತ್ತಾರೆ. ಮೊದಲು ಆ ಕತೆಯನ್ನು ತರಕಾರಿಯವನಿಗೂ ಹೇಳಿ ಮುಗಿಸಿದ್ದರು.

ನಿನ್ನೆ ನಾನೇ ಕೆದಕಿದೆ. “ಮದುವೆ ಆಗುದು ಬೇಡವಾ ಅವಳು?” ಎಂದು ಕೇಳಿದೆ. “ಆಗ್ಲಿ, ಅದಕ್ಕೆ ನಂಗೆಂತ?” ಎಂದರು. ಮತ್ತೆ ತಾವೇ, “ಸ್ವಂತದವ್ರು ಕರೆದ್ರೆ ಅದು ಏಲಂ ಅಲ್ಲ. ಹೊರಗಿನವ್ರು ಒಬ್ರೂ ಇಲ್ಲ ಅಂತಾಯ್ತಲ್ಲ ಅವನಿಗೆ” ಎಂದರು. ನನಗೂ ಸಿಟ್ಟು ಬಂತು. “ಮೂರು ಹೊಟೇಲಿನವ್ರು ಬಿಳಿ ಅಂಗಿ ಹಾಕಿ ಹೋಗಿ ಕೂತದ್ದು ಮತ್ತೆಂತ? ಅವರೇನು ಹೊರಗಿನವ್ರಾ?” ಎಂದೆ. ನಾನು ಹೇಳಿದ್ದು ಅವರಿಗೆ ಇನ್ನೂ ನೋವು ಮಾಡಿತೆಂದು ಆಮೇಲೆ ಗೊತ್ತಾಯಿತು. ರಾತ್ರಿ ಊಟ ಅರ್ಧಕ್ಕೇ ಬಿಟ್ಟರು.

ಸಮಿತನ ಕಚೇರಿಯ ವಿಳಾಸ ಕಳುಹಿಸು. ಅವರು ಕೇಳಿಲ್ಲ. ನನಗೇ ಬೇಕು. ಕಪಾಟಿನ ಮೇಲೆ ಕಣ್ಣಿಗೆ ಬೀಳುವ ಹಾಗೆ ಇಡುತ್ತೇನೆ, ನೋಡುವ.

ಜಯಲತಾ

*

ನೌಪಾಡಾ
14 ಏಪ್ರಿಲ್ 2008, ಬಿಸು ಹಬ್ಬ

ಚಿ. ಶರ್ಮಿಳಾಳಿಗೆ,

ಹೊಸ ವರ್ಷದ ಹಬ್ಬದ ಆಶೀರ್ವಾದಗಳು. ನಿನ್ನೆ ಬೇಲಾಪುರಕ್ಕೆ ಹೋಗೋಣವೆಂದು ಬನ್ಸ್ ಕಟ್ಟಿಸಿಕೊಂಡು ಹೊರಟೆ. ಥಾಣೆ ಸ್ಟೇಷನ್ನಿನಲ್ಲಿ ಹೊಳೆಯಿತು, ಭಾನುವಾರ ಯಾವ ಕಚೇರಿ ತೆರೆದಿರುತ್ತದೆ! ವಿಳಾಸದ ಕೆಳಗೆ ನಿನ್ನತ್ತೆ ಫೋನ್ ನಂಬರೂ ಬರೆದಿದ್ದಳು. ಮಾಡಿದೆ. ಹುಡುಗ ಖಾರ್ಘರ್ ಸ್ಟೇಷನ್ನಿಗೇ ಬಂದು ಮನೆಗೆ ಕರೆದುಕೊಂಡು ಹೋದ. ನಿನಗೆ ಹೇಳಬಾರದೆಂದು ನಾನೇ ತಾಕೀತು ಮಾಡಿದ್ದೆ. ಅವನ ಮೇಲೆ ರೇಗಬೇಡ.

ಒಳಗೆ ಬಂದ ಕೂಡಲೇ ಎದುರಿನ ಗೋಡೆಯಲ್ಲಿ ಚಿತ್ರ. ಒಳ್ಳೆಯ ಬೆಳಕು. ನಾನು ಸುತ್ತಿ ಬಳಸಿ ಮಾತಾಡಲು ಹೋಗಿರಲಿಲ್ಲ. ಕೇಳಿಯೇ ಬಿಟ್ಟೆ, “ಸಚ್ ಬೋಲೋ. ನಿನಗೆ ಈ ಚಿತ್ರ ಇಷ್ಟ ಆಗಿತ್ತಾ, ಇಲ್ಲ ಅವಳಿಗಾಗಿ ತಗೊಂಡದ್ದಾ?”

ಹೌದು ಅಂದಿದ್ದರೆ ನಾನು ನಂಬುತ್ತಿರಲಿಲ್ಲ. ಅವನು “ನಹೀಂ ಅಂಕಲ್, ತಬ್ ನಹೀಂ” ಅಂದ. ಶರ್ಮಿಳಾ ಕಾಗದ ಸುತ್ತುವಾಗ ಅಳುತ್ತಿದ್ದಳು, ಅದು ಕಂಡು ಏಲಂಗೆ ಹೋದದ್ದು, ಆಗ ಇದರಲ್ಲಿ ಕತ್ತಲೆ ಬಿಟ್ಟರೆ ಏನೂ ಕಾಣಲಿಲ್ಲ ಅಂದ. ನಿಜ ಕೇಳಿದವನು ನಾನು, ನಿಜವೇ ಸಿಕ್ಕಿತು. ಕೈಯಲ್ಲಿದ್ದ ಬನ್ಸ್ ತಟ್ಟೆಗೆ ವಾಪಸಿಟ್ಟೆ.

ಆಮೇಲೆ ಅವನೇ ಎದ್ದು ಚಿತ್ರದ ಹತ್ತಿರ ಹೋದ. ದಿನಾ ಬೆಳಿಗ್ಗೆ ಇದರೆದುರು ಕೂತು ಚಾ ಕುಡಿಯುತ್ತಾನಂತೆ. ಕುಡಿದು ಕುಡಿದು ಒಂದು ದಿನ ಕಂಡಿತಂತೆ. ಬಲಗಡೆ ಕತ್ತಲೆಯಲ್ಲಿ ಬೆರಳಿಟ್ಟು, “ಅಂಕಲ್, ಸಬ್ ಕುರ್ಸಿಯಾಂ ಊಪರ್ ಹೈಂ. ಯೇ ಏಕ್ ನೀಚೆ ಹೈ. ಯಹಾಂ ಕೌನ್ ಬೈಠನೇವಾಲಾ ಹೈ?” ಅಂತ ಕೇಳಿದ, ಇದರಲ್ಲಿ ಕೂರುವವರು ಯಾರು ಅಂತ.

ನಾನು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದೆ. ಹೌದು. ಎಲ್ಲ ಕುರ್ಚಿಗಳೂ ಮೇಜಿನ ಮೇಲೆ ಕವುಚಿವೆ. ಒಂದೇ ಒಂದು ಕೆಳಗಿದೆ, ಅಡುಗೆಮನೆ ಬಾಗಿಲಿನ ಹತ್ತಿರ.

ಶರ್ಮಿಳಾ, ಇದು ನಿನಗೆ ಗೊತ್ತಿಲ್ಲ. ನಿನ್ನತ್ತೆಗೂ ಗೊತ್ತಿಲ್ಲ, ಅವಳು ಆ ಹೊತ್ತಿಗೆ ಹೊಟೇಲಿಗೆ ಬರುತ್ತಿರಲಿಲ್ಲ. ಕೌಶಲ್ ಸಣ್ಣವನಿದ್ದಾಗ ನನ್ನ ಜೊತೆಯೇ ಎದ್ದು ಬರುತ್ತಿದ್ದ, ಶಾಲೆಗೆ ಇಲ್ಲಿಂದಲೇ ಹೋಗುವುದು. ಶಟರ್ ಎತ್ತಿದ ಮೇಲೆ ನಾನು ಮಾಡುವ ಮೊದಲ ಕೆಲಸ ಅವನಿಗಾಗಿ ಒಂದು ಕುರ್ಚಿ ಇಳಿಸುವುದು. ಅದರಲ್ಲಿ ಕೂತು ಹಾಲು ಕುಡಿಯುತ್ತಾ ಬಿಲ್ಲಿನ ಹಿಂದೆ ಏನಾದರೂ ಗೀಚುತ್ತಿದ್ದ. ನಾವಿಬ್ಬರೂ ಮಾತಾಡುತ್ತಿರಲಿಲ್ಲ, ನನಗೆ ಒಲೆ ಹತ್ತಿಸುವ ಗಡಿಬಿಡಿ. ಅವನಿಗೆ ಅದು ನೆನಪಿತ್ತೆಂದು ನನಗೆ ಗೊತ್ತೇ ಇರಲಿಲ್ಲ. ವಾಶಿಯಲ್ಲಿ ಅಷ್ಟು ಹೊತ್ತು ನಿಂತು ನಾನು ಗಲ್ಲಾ ಹುಡುಕಿ ಬಂದೆ. ನನ್ನ ಮಗ ಕುರ್ಚಿ ಗೀರಿಟ್ಟಿದ್ದ.

ಅಲ್ಲೇ ಕೂತು ಅತ್ತುಬಿಟ್ಟೆ. ಆ ಹುಡುಗ ಸಮಾಧಾನ ಹೇಳಲು ಬರಲಿಲ್ಲ, ಹತ್ತಿರ ನಿಂತಿದ್ದ. ಎಲ್ಲ ಹೇಳಿದೆ ಅವನಿಗೆ. ನನಗೆ ಬೇಕಾದದ್ದು ನನ್ನ ಮಗನ ಚಿತ್ರವನ್ನು ಯಾರ ಮುಲಾಜೂ ಇಲ್ಲದೆ ನೋಡುವ ಒಬ್ಬ ಮನುಷ್ಯ. ಸಿಕ್ಕಿದ. ಏಲಂ ದಿನ ಅಲ್ಲ, ಸ್ವಲ್ಪ ತಡವಾಗಿ.

ಚಿತ್ರ ಅಲ್ಲೇ ಇರಲಿ. ನೀನು ಆ ಮನೆಗೆ ಹೋಗುವಾಗ ಅದನ್ನು ನೋಡಿ ತಲೆ ತಗ್ಗಿಸಬೇಡ.

ಇನ್ನು ರಿಜಿಸ್ಟರ್ ಮದುವೆಯ ವಿಷಯ. ಸಹಿ ಬೇಕಾದರೆ ಆಮೇಲೆ ಹಾಕಿ. ಇವತ್ತು ಬೆಳಿಗ್ಗೆ ದೇವರ ಮುಂದೆ ಹಣ್ಣು ತರಕಾರಿ ಜೋಡಿಸಿಟ್ಟ ಹಬ್ಬದ ಕಣಿ ನೋಡಿ ನಾನೂ ನಿನ್ನತ್ತೆಯೂ ಮಂಡಳಿಯ ಭಟ್ಟರ ಹತ್ತಿರ ಹೋದೆವು. ನಾವಿಬ್ಬರು ನಿಂತು ಶರ್ಮಿಳಾಳಿಗೆ ಧಾರೆ ಎರೆದು ಕೊಡುತ್ತೇವೆ, ದಿನ ನೋಡಿ ಎಂದೆ. ಭಟ್ಟರು ಪಂಚಾಂಗ ಮುಚ್ಚಿದರು. “ಸೊಸೆಗೆ ಧಾರೆ ಎರೆಯುವ ಕ್ರಮ ಇಲ್ಲ ಮುಂಡಪ್ಪಣ್ಣ. ಮಗಳಿಗೆ ಮಾತ್ರ” ಎಂದರು. ನಾನು ಬಾಯಿ ತೆರೆಯುವ ಮೊದಲೇ ನಿನ್ನತ್ತೆ, “ಮಗಳಿಗೇ ಎರೆಯುದು. ನಮಗೆ ಮತ್ತೆ ಯಾರಿದ್ದಾರೆ?” ಎಂದಳು.

ಭಟ್ಟರು ಪಂಚಾಂಗ ತೆರೆದು, ಮಗಳ ನಕ್ಷತ್ರ ಯಾವುದೆಂದು ಕೇಳಿದರು. ನಮಗೆ ಗೊತ್ತಿರಲಿಲ್ಲ. ಬೇಗ ಬರೆದು ತಿಳಿಸು.

ಇತಿ,
ಮುಂಡಪ್ಪ